ಒಂದೇ ಖಾನೆಯಲ್ಲಿ ಹತ್ತು ಹೆಸರು

ಯಾವುದಾದರೂ ಜಂಟಿ ಖಾತೆಯ ಪಹಣಿ ತೆಗೆದು ನೋಡಿ. ಸರ್ವೆ ನಂಬರು ಒಂದೇ, ಒಟ್ಟು ವಿಸ್ತೀರ್ಣವೂ ಒಂದೇ. ಮಾಲೀಕರ ಕಾಲಮ್ಮಿಗೆ ಬಂದರೆ ಮಾತ್ರ ಅಣ್ಣ, ತಮ್ಮ, ತೀರಿಹೋದ ಇನ್ನೊಬ್ಬ ತಮ್ಮನ ಹೆಂಡತಿ, ಮದುವೆಯಾಗಿ ಹೋದ ತಂಗಿ ಎಂದು ಹೆಸರುಗಳು ಸಾಲಾಗಿ ಕೆಳಗಿಳಿಯುತ್ತವೆ. ಒಬ್ಬೊಬ್ಬರ ಮುಂದೆಯೂ ಅವರವರ ಎಕರೆ–ಗುಂಟೆ. ಹನ್ನೊಂದನೇ ಕಾಲಮ್ಮಿನಲ್ಲಿ ಋಣ: ಒಬ್ಬರ ಹೆಸರಿನಲ್ಲಿ ಸೊಸೈಟಿ ಸಾಲವೂ ಇದೆ, ಬ್ಯಾಂಕ್ ಸಾಲವೂ ಇದೆ, ಇನ್ನೊಬ್ಬರ ಹೆಸರಿನಲ್ಲಿ ಏನೂ ಇಲ್ಲ. ಕಾಗದದ ಮೇಲೆ ಇದನ್ನು ಓದಲು ಯಾರಿಗೂ ಕಷ್ಟವಿಲ್ಲ. ಇದೇ ಸಂಗತಿಯನ್ನು ಕಂಪ್ಯೂಟರಿನಲ್ಲಿ ಹೇಗೆ ಬರೆದಿಡಬೇಕು ಎನ್ನುವುದು ಮಾತ್ರ ಅರವತ್ತು ವರ್ಷಗಳಿಂದ ಬಗೆಹರಿಯದ ತಕರಾರು. (ನಮ್ಮ ಭೂಮಿ ತಂತ್ರಾಂಶದ ಒಳಗಿನ ರಚನೆಯ ಬಗ್ಗೆ ಇಲ್ಲಿ ಮಾತಾಡುತ್ತಿಲ್ಲ, ಪಹಣಿ ಉದಾಹರಣೆಗಷ್ಟೇ.)

ಯಾವ ಎಂಜಿನಿಯರಿಂಗ್ ಕಾಲೇಜಿನಲ್ಲಿ ಕೇಳಿದರೂ ಇಂದು ಸಿಗುವ ಉತ್ತರ ಮೂರು ಟೇಬಲ್. ಜಮೀನಿಗೊಂದು, ಮಾಲೀಕರಿಗೊಂದು, ಸಾಲಗಳಿಗೊಂದು. ಒಂದು ಖಾನೆಯಲ್ಲಿ ಒಂದೇ ಸಂಗತಿ ಇರಬೇಕು. ಪೂರ್ತಿ ಚಿತ್ರ ಬೇಕಾದಾಗ ಸರ್ವೆ ನಂಬರನ್ನೂ ಮಾಲೀಕರನ್ನೂ ಹಿಡಿದು ಮೂರನ್ನೂ ಜೋಡಿಸಿಕೊಳ್ಳಬೇಕು. ಇದು ರಿಲೇಷನಲ್ ಮಾದರಿ. ಒರಾಕಲ್, ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್ ಎಲ್ಲ ನಡೆಯುವುದು ಈ ದಾರಿಯಲ್ಲೇ. ಇದಕ್ಕಿಂತ ಹಳೆಯದಾದ ಇನ್ನೊಂದು ಉತ್ತರವೂ ಇದೆ: ಕಾಗದದ ಮೇಲೆ ಹೇಗಿದೆಯೋ ಹಾಗೇ ಇಡಿ, ಒಂದು ಖಾನೆಯಲ್ಲಿ ಹತ್ತು ಹೆಸರಿದ್ದರೆ ಹತ್ತೂ ಅಲ್ಲೇ ಇರಲಿ. ಹೀಗೆ ಇಡುವ ಪಂಗಡಕ್ಕೆ ಮಲ್ಟಿವ್ಯಾಲ್ಯೂ ಡೇಟಾಬೇಸ್ ಎಂದು ಹೆಸರು. ಆದರೆ ಒಂದು ಖಾನೆಯಲ್ಲಿ ಹಲವು ಮೌಲ್ಯ ಹಿಡಿಸಬಲ್ಲದ್ದೆಲ್ಲ ಮಲ್ಟಿವ್ಯಾಲ್ಯೂ ಎಂದುಬಿಟ್ಟರೆ ಮೊಂಗೊಡಿಬಿಯಿಂದ ಹಿಡಿದು ಮೈಕ್ರೋಸಾಫ್ಟ್ ಆಕ್ಸೆಸ್‌ವರೆಗೆ ಎಲ್ಲರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಬೇಕಾಗುತ್ತದೆ. ಅದು ಸರಿಯಲ್ಲ. ಯಾಕೆ ಸರಿಯಲ್ಲ ಎನ್ನುವುದನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಮೊದಲು ವಂಶಾವಳಿ. 1960ರ ದಶಕದ ಮಧ್ಯದಲ್ಲಿ ಅಮೆರಿಕದ ಸೇನೆಗಾಗಿ ಲಾಕ್‌ಹೀಡ್ ಕಂಪನಿ ಶೈಯನ್ ಎಂಬ ದಾಳಿ ಹೆಲಿಕಾಪ್ಟರ್ ತಯಾರಿಸಲು ಹೊರಟಿತ್ತು. ಅದರ ಬಿಡಿಭಾಗಗಳ ಲೆಕ್ಕ ಇಡಲು ಒಂದು ತಂತ್ರಾಂಶ ಬೇಕಾಯಿತು. ಟಿಆರ್‌ಡಬ್ಲ್ಯೂ ಎಂಬ ಸಂಸ್ಥೆಯಲ್ಲಿದ್ದ ಡಾನ್ ನೆಲ್ಸನ್ ಮತ್ತು ಡಿಕ್ ಪಿಕ್ ಐಬಿಎಂ 360 ಯಂತ್ರದ ಮೇಲೆ ಅದನ್ನು ರೂಪಿಸಿದರು. ಹೆಲಿಕಾಪ್ಟರಿನ ಹಣೆಬರಹ ಚೆನ್ನಾಗಿರಲಿಲ್ಲ: ಹತ್ತು ಮೂಲಮಾದರಿಗಳು ಹೊರಬಂದವು, 1972ರಲ್ಲಿ ಯೋಜನೆಯೇ ರದ್ದಾಯಿತು. ಬಿಡಿಭಾಗಗಳ ಲೆಕ್ಕ ಇಡುವ ವಿಧಾನ ಮಾತ್ರ ಬದುಕಿಕೊಂಡಿತು. 1973ರಲ್ಲಿ ಮೈಕ್ರೋಡೇಟಾ ಎಂಬ ಮಿನಿ ಕಂಪ್ಯೂಟರ್ ಕಂಪನಿ ಅದನ್ನೇ ರಿಯಾಲಿಟಿ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಅಲ್ಲಿಂದ ಮುಂದಕ್ಕೆ ಪಿಕ್ ಹೆಸರಿನ ಸಂತತಿ ಬೆಳೆಯುತ್ತ ಹೋಯಿತು: ಪ್ರೈಮ್ ಇನ್ಫರ್ಮೇಷನ್, ಯೂನಿವರ್ಸ್, ಯೂನಿಡೇಟಾ, ಜೆಬೇಸ್, ಡಿ3, ಓಪನ್‌ಕ್ಯೂಎಂ. ಕಂಪನಿಗಳು ಒಂದನ್ನೊಂದು ನುಂಗಿದ ಕಥೆ ದೊಡ್ಡದು, ಇಲ್ಲಿ ಬೇಡ. ಯೂನಿವರ್ಸ್ ಮತ್ತು ಯೂನಿಡೇಟಾ 2001ರಲ್ಲಿ ಐಬಿಎಂ ಕೈಗೆ ಬಂದು 2009ರಲ್ಲಿ ರಾಕೆಟ್ ಸಾಫ್ಟ್‌ವೇರ್ ಪಾಲಾದವು ಎಂದರೆ ಸಾಕು.

ಇಲ್ಲೊಂದು ಸ್ವಾರಸ್ಯವಿದೆ. ಐಬಿಎಂನ ಐಎಂಎಸ್ ಎಂಬ ಪ್ರಸಿದ್ಧ ಡೇಟಾಬೇಸ್ ಹುಟ್ಟಿದ್ದು ಅಪೋಲೊ ಯೋಜನೆಯ ಬಿಡಿಭಾಗಗಳ ಪಟ್ಟಿಯನ್ನು ನಿಭಾಯಿಸಲು. ಅದಕ್ಕೂ ಮುಂಚೆ ಚಾರ್ಲ್ಸ್ ಬಾಕ್‌ಮನ್ ಜನರಲ್ ಎಲೆಕ್ಟ್ರಿಕ್‌ನಲ್ಲಿ ಕಟ್ಟಿದ ಐಡಿಎಸ್ ಕೂಡ ಕಾರ್ಖಾನೆಯ ಅಗತ್ಯಗಳಿಂದಲೇ ಬಂದದ್ದು. ಯಂತ್ರದೊಳಗೆ ಭಾಗ, ಭಾಗದೊಳಗೆ ಉಪಭಾಗ ಎಂಬ ಒಂದೇ ತಲೆನೋವಿಗೆ ಆ ದಶಕದಲ್ಲಿ ಮೂರು ಕಡೆ ಮೂರು ಬೇರೆ ಮದ್ದು ಕಂಡುಹಿಡಿದರು. ಐಎಂಎಸ್ ಮರದ ಆಕಾರವನ್ನು ಆರಿಸಿಕೊಂಡಿತು, ಬಾಕ್‌ಮನ್ ಕೊಂಡಿಗಳ ಜಾಲವನ್ನು. ನೆಲ್ಸನ್ ಮತ್ತು ಪಿಕ್ ಮಾಡಿದ್ದು ಇವೆರಡಕ್ಕಿಂತ ಸರಳ, ಕೆಲವರ ಪ್ರಕಾರ ಒರಟು: ಇಡೀ ರೆಕಾರ್ಡನ್ನು ಒಂದು ಉದ್ದನೆಯ ಅಕ್ಷರಮಾಲೆಯಾಗಿ ಬರೆದು ನಡುನಡುವೆ ಗುರುತು ಹಾಕಿದರು.

ಗುರುತುಗಳು ಮುಖ್ಯವಾಗಿ ಮೂರು. ಅಕ್ಷರಸಂಕೇತ 254 ಬಂದಲ್ಲಿ ಒಂದು ಕಾಲಂ ಮುಗಿದು ಇನ್ನೊಂದು ಶುರು; ಇದು ಆಟ್ರಿಬ್ಯೂಟ್ ಮಾರ್ಕ್. 253 ಬಂದಲ್ಲಿ ಅದೇ ಕಾಲಮ್ಮಿನೊಳಗೆ ಇನ್ನೊಂದು ಮೌಲ್ಯ. ಇದು ವ್ಯಾಲ್ಯೂ ಮಾರ್ಕ್. 252 ಬಂದರೆ ಆ ಮೌಲ್ಯದ ಒಳಗಿನ ಉಪಮೌಲ್ಯ, ಸಬ್‌ವ್ಯಾಲ್ಯೂ. ಪರದೆಯ ಮೇಲೆ ಇವನ್ನು ^ ] \ ಎಂದು ತೋರಿಸುವುದು ವಾಡಿಕೆ. ನಮ್ಮ ಪಹಣಿಯನ್ನು ಹೀಗೆ ಬರೆದರೆ:

3-10 ^ ನಿಂಗಪ್ಪ ] ಬಸಪ್ಪ ] ಗಂಗವ್ವ ^ 1-20 ] 1-00 ] 0-30 ^ ಸೊಸೈಟಿ \ ಬ್ಯಾಂಕ್ ] ] ಬ್ಯಾಂಕ್

ಮೊದಲ ಕಾಲಮ್ಮಿನಲ್ಲಿ ಒಟ್ಟು ವಿಸ್ತೀರ್ಣ, ಎರಡನೆಯದರಲ್ಲಿ ಮೂವರು ಮಾಲೀಕರು, ಮೂರನೆಯದರಲ್ಲಿ ಅವರವರ ಪಾಲು, ನಾಲ್ಕನೆಯದರಲ್ಲಿ ಸಾಲ. ನಿಂಗಪ್ಪನಿಗೆ ಎರಡು ಸಾಲ, ಬಸಪ್ಪನ ಜಾಗ ಖಾಲಿ, ಗಂಗವ್ವನಿಗೆ ಒಂದು. ಸರ್ವೆ ನಂಬರೇ ಈ ರೆಕಾರ್ಡಿನ ಕೀಲಿ. ಆ ಕೀಲಿಯ ಮೇಲೊಂದು ಗಣಿತ ಮಾಡಿ ರೆಕಾರ್ಡು ಡಿಸ್ಕಿನ ಯಾವ ಗುಂಪಿನಲ್ಲಿದೆ ಎಂದು ನೇರವಾಗಿ ತಿಳಿದುಕೊಳ್ಳುವುದರಿಂದ, ನಂಬರು ಕೊಟ್ಟರೆ ಇಡೀ ಪಹಣಿ ಒಂದೇ ಓದಿಗೆ ಕೈಗೆ ಬರುತ್ತದೆ. 1970ರ ದಶಕದ ಸಣ್ಣ ಯಂತ್ರಗಳಲ್ಲಿ ಇದು ದೊಡ್ಡ ವರವಾಗಿತ್ತು.

(ಜರ್ಮನ್ನರಿಗೆ ಇದರಿಂದ ಒಂದು ಪೇಚಾಟವೂ ಆಯಿತು. ಯುರೋಪಿನ ಎಂಟು-ಬಿಟ್ ಲ್ಯಾಟಿನ್ ಸಂಕೇತಪಟ್ಟಿಯಲ್ಲಿ ಎರಡು ಚುಕ್ಕಿಯ ‘ಯು’ ಅಕ್ಷರದ ಸಂಖ್ಯೆಯೂ 252. ಮುನ್‌ಷೆನ್ ಎಂದು ಬರೆದರೆ ಊರಿನ ಹೆಸರು ನಡುವೆ ಸೀಳಿ ಎರಡು ಉಪಮೌಲ್ಯವಾಗುವ ಅಪಾಯ. ಕನ್ನಡಕ್ಕೆ ಆ ಭಯವಿಲ್ಲ. ಯುಟಿಎಫ್-8 ವಿಧಾನದಲ್ಲಿ ಕನ್ನಡದ ಒಂದೊಂದು ಸಂಕೇತವೂ ಮೂರು ಬೈಟುಗಳಾಗಿ ಕೂರುತ್ತದೆ, ಆ ಮೂರರಲ್ಲಿ ಯಾವುದೂ 252ರ ಹತ್ತಿರ ಸುಳಿಯುವುದಿಲ್ಲ.)

ಇಷ್ಟೇ ಆಗಿದ್ದರೆ ಮಲ್ಟಿವ್ಯಾಲ್ಯೂ ಎಂದರೆ ಅಲ್ಪವಿರಾಮ ಹಾಕಿ ಬರೆದ ಪಟ್ಟಿಗಿಂತ ಹೆಚ್ಚೇನೂ ಆಗುತ್ತಿರಲಿಲ್ಲ. ಅದಕ್ಕೆ ಜೀವ ಕೊಡುವುದು ಡಿಕ್ಷನರಿ. ಪ್ರತಿ ಕಡತದ ಜೊತೆಗೂ ಇನ್ನೊಂದು ಕಡತವಿರುತ್ತದೆ: ‘ಮಾಲೀಕ ಎಂದರೆ ಎರಡನೇ ಕಾಲಂ, ಇಷ್ಟು ಅಗಲ, ಎಡಕ್ಕೆ ಒತ್ತಿಸಿ ತೋರಿಸು’ ಎಂಬಂಥ ವಿವರಣೆಗಳ ಸಂಗ್ರಹ. ಈ ವಿವರಣೆಗಳೂ ಮಾಮೂಲಿ ರೆಕಾರ್ಡುಗಳೇ. ದತ್ತಾಂಶವನ್ನು ಪಟ್ಟಿ ಮಾಡುವ ಆಜ್ಞೆಯಿಂದಲೇ ಡಿಕ್ಷನರಿಯನ್ನೂ ಪಟ್ಟಿ ಮಾಡಬಹುದು. ರಿಲೇಷನಲ್ ಲೋಕದ ಸ್ಕೀಮಾ ಕಾವಲುಗಾರ: ಅಂಕಿ ಇರಬೇಕಾದ ಕಡೆ ಅಕ್ಷರ ಬಂದರೆ ಬಾಗಿಲಲ್ಲೇ ತಡೆಯುತ್ತದೆ. ಪಿಕ್ ಡಿಕ್ಷನರಿ ಯಾರನ್ನೂ ತಡೆಯುವುದಿಲ್ಲ. ಒಳಗಿರುವುದನ್ನು ಹೇಗೆ ಓದಬೇಕೆಂದು ಹೇಳುತ್ತದೆ, ಅಷ್ಟೇ. ಹಾಗಾಗಿ ಒಂದೇ ಕಾಲಮ್ಮಿಗೆ ಐದು ವಿವರಣೆ ಇರಬಹುದು, ಅಥವಾ ಒಂದೂ ಇಲ್ಲದಿರಬಹುದು. ದಿನಾಂಕವನ್ನು ಒಂದು ವಿವರಣೆ ಪೂರ್ತಿಯಾಗಿ ತೋರಿಸಿದರೆ ಇನ್ನೊಂದು ಬರೀ ತಿಂಗಳನ್ನು ತೋರಿಸುತ್ತದೆ. ಒಳಗೆ ಇರುವುದು ಒಂದು ಪೂರ್ಣಾಂಕ, 1967ರ ಡಿಸೆಂಬರ್ 31ನ್ನು ಸೊನ್ನೆ ಎಂದಿಟ್ಟುಕೊಂಡು ಎಣಿಸಿದ ದಿನಗಳು. ಆ ಲೆಕ್ಕದಲ್ಲಿ ಹತ್ತುಸಾವಿರದ ದಿನ ಬಂದದ್ದು 1995ರ ಮೇ 18ಕ್ಕೆ. 2000ದ ಹೊಸ್ತಿಲಲ್ಲಿ ಜಗತ್ತೆಲ್ಲ ಎರಡಂಕಿಯ ಇಸವಿಗೆ ಹೆದರಿ ಕೂತಿದ್ದಾಗ, ದಿನಾಂಕವನ್ನು ಹೀಗೆ ಇಟ್ಟಿದ್ದ ಪಿಕ್ ಕಡತಗಳಿಗೆ ಆ ಭಯ ಇರಲಿಲ್ಲ.

ಡಿಕ್ಷನರಿಯ ಇನ್ನೊಂದು ಗುಣವನ್ನು ಬಹಳ ಜನ ಗಮನಿಸುವುದಿಲ್ಲ. ಒಂದು ಕಡತದಿಂದ ಇನ್ನೊಂದಕ್ಕೆ ಜಿಗಿಯುವ ದಾರಿಯನ್ನೂ ಅಲ್ಲೇ ಬರೆದಿಡಬಹುದು: ‘ಈ ಕಾಲಮ್ಮಿನಲ್ಲಿರುವ ಗ್ರಾಹಕರ ಸಂಖ್ಯೆಯನ್ನು ಕೀಲಿಯಾಗಿ ಹಿಡಿದು ಗ್ರಾಹಕರ ಕಡತಕ್ಕೆ ಹೋಗಿ ಹೆಸರು ತೆಗೆದುಕೊಂಡು ಬಾ.’ ರಿಲೇಷನಲ್ ಡೇಟಾಬೇಸುಗಳ ಪ್ರಶ್ನೆಭಾಷೆಯಾದ ಎಸ್‌ಕ್ಯೂಎಲ್‌ನಲ್ಲಿ ಸಾಮಾನ್ಯವಾಗಿ ಪ್ರತಿ ಪ್ರಶ್ನೆಯಲ್ಲೂ ಬರೆಯುವ ಜೋಡಣೆ ಇಲ್ಲಿ ಒಮ್ಮೆ ಡಿಕ್ಷನರಿಗೆ ಸೇರಿಬಿಟ್ಟರೆ ಮುಗಿಯಿತು. ವರದಿ ಕೇಳುವವರು ‘ಗ್ರಾಹಕರ ಹೆಸರು’ ಎಂದರೆ ಸಾಕು, ಅದು ಎಲ್ಲಿಂದ ಬರುತ್ತದೆ ಎಂಬ ಗೊಡವೆ ಬೇಡ.

ಇನ್ನು ಪ್ರಶ್ನೆ ಕೇಳುವ ಭಾಷೆ. ಮೈಕ್ರೋಡೇಟಾದವರು ಆ ಭಾಷೆಗೆ ‘ಇಂಗ್ಲಿಷ್’ ಎಂದೇ ಹೆಸರಿಟ್ಟಿದ್ದರು, ಕೊಂಚ ಧಾರಾಳವಾಗಿಯೇ. ‘ಲಿಸ್ಟ್ ಪಹಣಿ ವಿತ್ ಮಾಲೀಕ = ನಿಂಗಪ್ಪ’ ಎಂದರೆ ಮಾಲೀಕರಲ್ಲಿ ಒಬ್ಬರಾದರೂ ನಿಂಗಪ್ಪ ಇರುವ ಪಹಣಿಗಳೆಲ್ಲ ಬರುತ್ತವೆ, ಜೊತೆಗೆ ಬಸಪ್ಪ, ಗಂಗವ್ವರ ಸಾಲುಗಳೂ. ಯೂನಿವರ್ಸ್‌ನಂಥ ತಳಿಗಳಲ್ಲಿ ಇದರ ಜೊತೆಗೆ ‘ವೆನ್’ ಎಂಬ ಪದ ಸೇರಿಸಿದರೆ ಆ ಪಹಣಿಗಳೊಳಗಿಂದ ನಿಂಗಪ್ಪನ ಸಾಲು ಮಾತ್ರ ಕಾಣುತ್ತದೆ. ‘ಎವ್ರಿ’ ಸೇರಿಸಿದರೆ ಎಲ್ಲ ಮೌಲ್ಯಗಳೂ ಷರತ್ತಿಗೆ ಹೊಂದುವ ರೆಕಾರ್ಡು ಮಾತ್ರ. ಒಬ್ಬರಿದ್ದರೆ ಸಾಕೋ, ಎಲ್ಲರೂ ಇರಬೇಕೋ, ಇಡೀ ರೆಕಾರ್ಡು ಬೇಕೋ, ಅದರೊಳಗಿನ ತುಣುಕು ಸಾಕೋ ಎಂಬ ಭೇದವನ್ನು ಭಾಷೆಯೇ ಬಲ್ಲದು, ಯಾಕೆಂದರೆ ಅದರ ಮಟ್ಟಿಗೆ ಪ್ರತಿ ಕಾಲಮ್ಮೂ ಬಹುವಚನದಲ್ಲೇ ಇದೆ. ಒಂದೇ ಮೌಲ್ಯ ಇರುವ ಕಾಲಂ ಎಂದರೆ ಸದ್ಯಕ್ಕೆ ಒಂದೇ ಇರುವ ಪಟ್ಟಿ. ನಾಳೆ ಗ್ರಾಹಕರಿಗೆ ಎರಡನೇ ಫೋನ್ ನಂಬರು ಬಂದರೆ ಟೇಬಲ್ಲಿನ ರಚನೆ ಬದಲಿಸುವ ಕೆಲಸವಿಲ್ಲ. ಒಂದು ಗುರುತು ಹಾಕಿ ಮುಂದೆ ಬರೆದರಾಯಿತು.

ನನ್ನ ಮಟ್ಟಿಗೆ ಮಲ್ಟಿವ್ಯಾಲ್ಯೂ ಎನ್ನಿಸಿಕೊಳ್ಳಲು ಬೇಕಾದದ್ದು ಇವು: ಹುಟ್ಟಿನಿಂದಲೇ ಬಹುವಚನವಾದ ಕಾಲಂ, ತಡೆಯದೆ ವಿವರಿಸುವ ಡಿಕ್ಷನರಿ, ಪಟ್ಟಿಯೊಳಗಿನ ಪಟ್ಟಿಯನ್ನು ಬಲ್ಲ ಭಾಷೆ. ಡಿಸ್ಕಿನ ಮೇಲೆ ಹೇಗೆ ಬರೆದಿದೆ ಎನ್ನುವುದು ನಂತರದ ಮಾತು. ಈ ಅಳತೆಗೋಲು ಎರಡು ವಿಚಿತ್ರ ಪ್ರಕರಣಗಳಲ್ಲಿ ಚೆನ್ನಾಗಿ ಕೆಲಸಕ್ಕೆ ಬರುತ್ತದೆ.

ಮೊದಲನೆಯದು ಆಕ್ಸೆಸ್. 2007ರ ಆವೃತ್ತಿಯಲ್ಲಿ ಮೈಕ್ರೋಸಾಫ್ಟ್ ‘ಮಲ್ಟಿವ್ಯಾಲ್ಯೂಡ್ ಫೀಲ್ಡ್’ ಎಂಬ ಹೆಸರಿನಲ್ಲೇ ಒಂದು ಸೌಲಭ್ಯ ಕೊಟ್ಟಿತು: ಒಂದು ಕೆಲಸಕ್ಕೆ ಮೂವರನ್ನು ನೇಮಿಸಬೇಕಾದರೆ ಒಂದೇ ಖಾನೆಯಲ್ಲಿ ಮೂರು ಹೆಸರಿಗೆ ಟಿಕ್ ಹಾಕಬಹುದು. ನೋಡಲು ಥೇಟ್ ಪಿಕ್. ಒಳಗೆ ಮಾತ್ರ ಆಕ್ಸೆಸ್ ಒಂದು ಗುಪ್ತ ಟೇಬಲ್ ಮಾಡಿ ಆ ಮೂರು ಹೆಸರನ್ನು ಮೂರು ಸಾಲಾಗಿ, ರಿಲೇಷನಲ್ ಶಾಸ್ತ್ರ ಹೇಳಿದಂತೆಯೇ ಬರೆದಿಡುತ್ತದೆ. ಹೆಸರು ಮಲ್ಟಿವ್ಯಾಲ್ಯೂ, ಮನೆತನ ರಿಲೇಷನಲ್.

ಎರಡನೆಯದು ಬೆಂಗಳೂರಿನ ಹಲವು ಐಟಿ ಉದ್ಯೋಗಿಗಳಿಗೆ ಪರಿಚಿತ. ಸ್ವಿಟ್ಜರ್ಲೆಂಡಿನ ಟೆಮೆನೋಸ್ ಕಂಪನಿಯ ಟಿ24 ಎಂಬ ಬ್ಯಾಂಕಿಂಗ್ ತಂತ್ರಾಂಶ ಜೆಬೇಸ್ ಮೇಲೆ ಬೆಳೆದದ್ದು. ಅದರಲ್ಲಿ ಕೆಲಸ ಮಾಡಿದವರ ನಾಲಗೆ ತುದಿಯಲ್ಲಿ ಎಫ್‌ಎಂ (ಆಟ್ರಿಬ್ಯೂಟ್ ಮಾರ್ಕಿಗೆ ಅಲ್ಲಿನ ಹೆಸರು ಫೀಲ್ಡ್ ಮಾರ್ಕ್), ವಿಎಂ, ಎಸ್‌ಎಂ ಎಂಬ ಮೂರು ಗುರುತುಗಳು ಈಗಲೂ ಇರುತ್ತವೆ. ದೊಡ್ಡ ಬ್ಯಾಂಕುಗಳು ಒರಾಕಲ್ ಬೇಕೆಂದಾಗ ಟಿ24 ಒರಾಕಲ್ ಮೇಲೂ ಓಡತೊಡಗಿತು. ಆ ಒರಾಕಲ್ ಟೇಬಲ್ಲನ್ನು ತೆರೆದು ನೋಡಿದರೆ ಎರಡೇ ಕಾಲಂ: ಒಂದರಲ್ಲಿ ರೆಕಾರ್ಡಿನ ಕೀಲಿ, ಇನ್ನೊಂದರಲ್ಲಿ ಇಡೀ ರೆಕಾರ್ಡು ಎಕ್ಸ್‌ಎಂಎಲ್ ಆಗಿ. ಎಷ್ಟನೇ ಕಾಲಂ, ಎಷ್ಟನೇ ಮೌಲ್ಯ, ಎಷ್ಟನೇ ಉಪಮೌಲ್ಯ ಎಂಬ ಅಂಕಿಗಳನ್ನೆಲ್ಲ ಆ ಎಕ್ಸ್‌ಎಂಎಲ್ ಪಟ್ಟಾಗಿ ಹಿಡಿದಿಟ್ಟಿರುತ್ತದೆ. ಆಕ್ಸೆಸ್‌ಗೆ ತದ್ವಿರುದ್ಧ: ವಾಸ ರಿಲೇಷನಲ್ ಮನೆಯಲ್ಲಿ, ಆಚಾರವೆಲ್ಲ ಮಲ್ಟಿವ್ಯಾಲ್ಯೂ.

ಮೊಂಗೊಡಿಬಿ ಇದಕ್ಕಿಂತ ಕಠಿಣ ಪ್ರಶ್ನೆ. 2009ರಲ್ಲಿ ಬಂದ ಈ ಡಾಕ್ಯುಮೆಂಟ್ ಡೇಟಾಬೇಸ್ ಬಹುವಚನವನ್ನು ಬಲ್ಲದು. ಮಾಲೀಕ ನಿಂಗಪ್ಪ ಎಂದು ಕೇಳಿದರೆ ಪಟ್ಟಿಯೊಳಗೆ ನಿಂಗಪ್ಪ ಇರುವ ದಾಖಲೆಗಳೂ ಬರುತ್ತವೆ. ಪದರದೊಳಗೆ ಪದರವಾಗಿ ಹಲವು ಮಟ್ಟ ಹೆಣೆಯಬಹುದು, ಪಿಕ್‌ನಂತೆ ಮೂರಕ್ಕೇ ನಿಲ್ಲಬೇಕಿಲ್ಲ. ಆದರೆ ಅದರಲ್ಲಿ ಡಿಕ್ಷನರಿ ಇಲ್ಲ. ‘ಮಾಲೀಕ’ ಎಂಬ ಹೆಸರನ್ನು ಪ್ರತಿ ದಾಖಲೆಯೂ ತನ್ನೊಳಗೇ ಹೊತ್ತು ತಿರುಗುತ್ತದೆ; ಲಕ್ಷ ದಾಖಲೆಯಿದ್ದರೆ ಲಕ್ಷ ಸಲ. ಒಂದೇ ಮೌಲ್ಯವನ್ನು ಐದು ರೀತಿ ಓದುವ, ಜೋಡಣೆಯನ್ನು ಒಮ್ಮೆ ಬರೆದು ಮರೆಯುವ ಸೌಕರ್ಯ ಡಿಕ್ಷನರಿಯ ಜೊತೆಗೇ ಹೋಯಿತು. ಹಾಗಾಗಿ ನಾನು ಅದನ್ನು ಮಲ್ಟಿವ್ಯಾಲ್ಯೂ ಎನ್ನಲಾರೆ. ಪೋಸ್ಟ್‌ಗ್ರೆಸ್‌ನ ‘ಅರೇ’ ಎಂಬ ಪಟ್ಟಿ ಮಾದರಿಯ ಕಾಲಂ ಕೂಡ ಹೊರಗೇ: ಅಲ್ಲಿ ಬಹುವಚನವನ್ನು ಕಾಲಂ ಹುಟ್ಟುವಾಗಲೇ ಘೋಷಿಸಬೇಕು. 1966ರಿಂದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಬೆಳೆದ ಮಂಪ್ಸ್ ಎಂಬ ಡೇಟಾಬೇಸ್ ಕೂಡ ಪಿಕ್‌ನ ಓರಗೆಯದೇ, ಆದರೆ ಅದರ ಲೋಕ ಕವಲೊಡೆಯುವ ಕೀಲಿಗಳದ್ದು, ಕಾಲಮ್ಮುಗಳದ್ದಲ್ಲ.

ಈಗ ಎದುರು ಪಕ್ಷದ ವಾದ ಕೇಳಬೇಕು, ಯಾಕೆಂದರೆ ಅದು ಸಣ್ಣ ಮನುಷ್ಯನದ್ದಲ್ಲ. ಐಬಿಎಂನ ಸ್ಯಾನ್ ಹೋಸೆ ಪ್ರಯೋಗಾಲಯದಲ್ಲಿದ್ದ ಎಡ್ಗರ್ ಕಾಡ್ 1970ರ ಜೂನ್‌ನಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಒಬ್ಬ ನೌಕರನ ದಾಖಲೆಯ ಉದಾಹರಣೆ ಬರುತ್ತದೆ: ನೌಕರನೊಳಗೆ ಅವನ ಹುದ್ದೆಗಳ ಇತಿಹಾಸ, ಮಕ್ಕಳ ಪಟ್ಟಿ, ಹುದ್ದೆಗಳೊಳಗೆ ಸಂಬಳದ ಇತಿಹಾಸ. ಎಣಿಸಿದರೆ ಪಿಕ್‌ನ ಮೂರು ಮಟ್ಟಗಳೇ! ಕಾಡ್ ಅದನ್ನು ತೋರಿಸಿದ್ದು ಬಿಡಿಸಿ ನಾಲ್ಕು ಟೇಬಲ್ ಮಾಡಲು. ಅದೇ ಪ್ರಬಂಧದ ಆರಂಭದಲ್ಲಿ ಬಿಡಿಭಾಗಗಳು ಮತ್ತು ಯೋಜನೆಗಳ ಲೆಕ್ಕವನ್ನು ಐದು ಬಗೆಯಲ್ಲಿ ಹೆಣೆದು ತೋರಿಸಿದ್ದಾನೆ (ಮತ್ತೆ ಬಿಡಿಭಾಗ!). ಒಂದು ಹೆಣಿಗೆಯನ್ನು ನಂಬಿ ಬರೆದ ಪ್ರೋಗ್ರಾಂ ಉಳಿದ ನಾಲ್ಕರಲ್ಲಿ ಕನಿಷ್ಠ ಮೂರರಲ್ಲಿ ಸೋಲುತ್ತದೆ ಎನ್ನುವುದು ಅವನ ವಾದ.

ಪಹಣಿಯಲ್ಲಿ ಇದರ ಬಿಸಿ ತಕ್ಷಣ ತಟ್ಟುತ್ತದೆ. ಸರ್ವೆ ನಂಬರು ಕೊಟ್ಟು ಮಾಲೀಕರು ಯಾರು ಎಂದರೆ ಒಂದೇ ಓದು. ನಿಂಗಪ್ಪನಿಗೆ ತಾಲ್ಲೂಕಿನಲ್ಲಿ ಎಲ್ಲೆಲ್ಲಿ ಪಾಲಿದೆ ಎಂದು ಕೇಳಿ ನೋಡಿ; ಸೂಚಿ ಇಲ್ಲದಿದ್ದರೆ ಇಡೀ ಕಡತವನ್ನು ಜಾಲಾಡಬೇಕು. ಜಮೀನಿನ ಕಡೆಯಿಂದ ಹೆಣೆದ ದಾಖಲೆ ಮನುಷ್ಯರ ಕಡೆಯಿಂದ ಬರುವ ಪ್ರಶ್ನೆಗೆ ಮುಖ ಕೊಡುವುದಿಲ್ಲ. ಯಾವುದು ಹೊರಗೆ, ಯಾವುದು ಒಳಗೆ ಎಂದು ಮೊದಲ ದಿನವೇ ತೀರ್ಮಾನಿಸಬೇಕಾದ ಈ ಕಷ್ಟ ಇಂದಿನ ಮೊಂಗೊಡಿಬಿಗೂ ತಪ್ಪಿಲ್ಲ.

ಇನ್ನೊಂದು ಅಪಾಯ ಪಿಕ್ ಸಂತತಿಗೇ ವಿಶೇಷ. ಮಾಲೀಕರ ಪಟ್ಟಿ, ಪಾಲಿನ ಪಟ್ಟಿ, ಸಾಲದ ಪಟ್ಟಿ ಮೂರೂ ಬೇರೆ ಬೇರೆ ಕಾಲಂ. ಇವು ಜೊತೆಗಾರರು ಎಂಬುದು ಡಿಕ್ಷನರಿಯಲ್ಲಿ ಬರೆದ ಮಾತು ಮಾತ್ರ. ಪ್ರೋಗ್ರಾಂ ಬರೆದವರು ಬಸಪ್ಪನ ಹೆಸರನ್ನು ತೆಗೆದು, ಅವನ ಪಾಲನ್ನೂ ಸಾಲದ ಖಾಲಿ ಜಾಗವನ್ನೂ ತೆಗೆಯಲು ಮರೆತರೆ ಗಂಗವ್ವ ಎರಡನೇ ಜಾಗಕ್ಕೆ ಏರುತ್ತಾಳೆ. ಅವಳ ಮೂವತ್ತು ಗುಂಟೆ ಸದ್ದಿಲ್ಲದೆ ಒಂದು ಎಕರೆಯಾಗುತ್ತದೆ, ಅವಳ ಸಾಲವೂ ಮಾಯವಾಗುತ್ತದೆ. ಡೇಟಾಬೇಸ್ ತಕರಾರು ಎತ್ತುವುದಿಲ್ಲ. ಮೊಂಗೊಡಿಬಿಯಲ್ಲಿ ಮಾಲೀಕ, ಪಾಲು, ಸಾಲ ಮೂರನ್ನೂ ಒಂದು ಕಟ್ಟಾಗಿ ಇಡಬಹುದಾದ್ದರಿಂದ ಈ ಒಂದು ವಿಷಯದಲ್ಲಿ ಅದೇ ಮೇಲು.

ಗಣಿತದವರು ಈ ಪಂಗಡವನ್ನು ತೀರ ಕೈಬಿಡಲಿಲ್ಲ. ಜಪಾನಿನ ಅಕಿಫುಮಿ ಮಾಕಿನೋಚಿ 1977ರಲ್ಲೇ, ಖಾನೆಯೊಳಗೆ ಟೇಬಲ್ ಇರುವ ಟೇಬಲ್ಲುಗಳನ್ನೂ ರಿಲೇಷನಲ್ ಚೌಕಟ್ಟಿನಲ್ಲಿ ಪರಿಶೀಲಿಸಬಹುದೆಂದು ತೋರಿಸಿದರು. ಆಮೇಲೆ ಜರ್ಮನಿಯಲ್ಲಿ ಆ ದಿಕ್ಕಿನ ಸಂಶೋಧನೆ ಚೆನ್ನಾಗಿ ನಡೆಯಿತು. ರಿಲೇಷನಲ್ ಪಕ್ಷದ ಕಟ್ಟಾಳುಗಳಾದ ಕ್ರಿಸ್ ಡೇಟ್, ಹ್ಯೂ ಡಾರ್ವೆನ್ ಕೂಡ ಖಾನೆಯೊಳಗೆ ರಿಲೇಷನ್, ಅಂದರೆ ಟೇಬಲ್, ಇರಬಹುದು ಎಂದು ಒಪ್ಪಿದ್ದಾರೆ. ಆದರೆ ಪಿಕ್‌ನ ಖಾನೆಯಲ್ಲಿ ಇರುವುದು ರಿಲೇಷನ್ ಅಲ್ಲ, ಕ್ರಮವಿರುವ ಪಟ್ಟಿ. ಅದರಲ್ಲಿ ಒಂದೇ ಹೆಸರು ಎರಡು ಸಲ ಬರಬಹುದು, ನಡುವೆ ಖಾಲಿ ಜಾಗವೂ ಇರಬಹುದು. ಸಿದ್ಧಾಂತ ಬಂದದ್ದು ಉತ್ಪನ್ನದ ನಂತರ, ಉತ್ಪನ್ನ ಅದಕ್ಕೆ ತಕ್ಕಂತೆ ಬದಲಾಗಲೂ ಇಲ್ಲ.

ಆ ಕ್ರಮ, ಆ ಖಾಲಿ ಜಾಗಗಳ ಬೆಲೆ ಗೊತ್ತಾಗುವುದು ಹಳೆಯ ಕಡತಗಳನ್ನು ಎಸ್‌ಕ್ಯೂಎಲ್‌ಗೆ ಸಾಗಿಸುವಾಗ. ಒಂದು ಕಡತ ಒಡೆದು ಹಲವು ಟೇಬಲ್ಲಾಗುತ್ತದೆ. ಟೇಬಲ್ಲಿನ ಸಾಲುಗಳಿಗೆ ಸ್ವಂತ ಕ್ರಮವಿಲ್ಲವಾದ್ದರಿಂದ ಎಷ್ಟನೇ ಮೌಲ್ಯ, ಎಷ್ಟನೇ ಉಪಮೌಲ್ಯ ಎಂದು ಹೇಳುವ ಕಾಲಮ್ಮುಗಳನ್ನು ಹೊಸದಾಗಿ ಸೇರಿಸಬೇಕು. ಖಾಲಿ ಮೌಲ್ಯ ಬಂದಾಗ ‘ಇಲ್ಲ’ ಎಂದು ಬರೆಯಬೇಕೋ, ಸಾಲನ್ನೇ ಬಿಡಬೇಕೋ ಎಂಬುದನ್ನು ಪ್ರತಿ ಕಾಲಮ್ಮಿಗೂ ಕೂತು ತೀರ್ಮಾನಿಸಬೇಕು. ಇದೆಲ್ಲ ಮಾಡಬಹುದಾದ ಕೆಲಸ. ಸಿಕ್ಕಿಬೀಳುವುದು ಡಿಕ್ಷನರಿಯಲ್ಲಿ. ಏಳನೇ ಕಾಲಮ್ಮಿಗೆ ಐದು ವಿವರಣೆ ಇರುತ್ತವೆ: ಒಂದು ಅದನ್ನು ರಿಯಾಯಿತಿ ಎನ್ನುತ್ತದೆ, ಇನ್ನೊಂದು ಹಳೆಯ ದರ ಎನ್ನುತ್ತದೆ, ಮೂರನೆಯದು ದಿನಾಂಕವೆಂದು ಓದುತ್ತದೆ. ಎಸ್‌ಕ್ಯೂಎಲ್ ಕಾಲಮ್ಮಿಗೆ ದತ್ತಾಂಶದ ಒಂದೇ ಬಗೆಯನ್ನು ಬರೆಯಬೇಕು. ಆಗ ತಂತ್ರಾಂಶದವರು ಕೋಡ್ ಮುಚ್ಚಿಟ್ಟು, ತಿಂಗಳ ಕೊನೆಯಲ್ಲಿ ಆ ವರದಿ ತೆಗೆಯುತ್ತಿದ್ದ ಗುಮಾಸ್ತರು ಈಗ ಎಲ್ಲಿದ್ದಾರೆ ಎಂದು ವಿಚಾರಿಸಲು ಶುರುಮಾಡುತ್ತಾರೆ.